ನೂರಾ ಇಪ್ಪತ್ತೈದು ಸಲ ‘ಇಲ್ಲ’

ಮೊದಲೇ ಹೇಳಿಬಿಡುತ್ತೇನೆ, ನನ್ನ ಮೊಮ್ಮಗಳು ಸೈಮಾ ಆರಾಮಾಗಿದ್ದಾಳೆ. ಈ ಸಲ ಈ ಮಾತು ಖರೆ. ಇಷ್ಟು ಒತ್ತಿ ಯಾಕೆ ಹೇಳುತ್ತೇನೆಂದರೆ, ನಮ್ಮ ಮನೆಯಲ್ಲಿ ಬಾಣಂತಿಯ ಸುದ್ದಿ ಬಂದಾಗ ‘ಆರಾಮ’ ಎಂಬ ಮಾತಿಗೆ ಅರ್ಥವೇ ಇರಲಿಲ್ಲ. ಬಾಗಿಲಿಗೆ ಬಂದವರಿಗೆ ‘ಬರ್ರಿ’ ಅಂದ ಹಾಗೆ ಅದನ್ನೂ ಅನ್ನುವುದು, ಅಷ್ಟೇ.

ನಾವು ನದಾಫರು. ತಿಕೋಟಾದಲ್ಲಿ ರಸ್ತೆಗೆ ಹತ್ತಿ ನಮ್ಮ ಗಾದಿ ಅಂಗಡಿ, ಅದರ ಹಿಂದೆ ಮನೆ. ನನ್ನ ಯಜಮಾನರು ಗುಡುಸಾಬ ಇದ್ದಾಗ ಬಿಲ್ಲಿನಿಂದ ಹತ್ತಿ ಹಿಂಜುತ್ತಿದ್ದರು. ಈಗ ಮಗ ಜಿಲಾನಿ ಮಶಿನ್ ಇಟ್ಟಿದ್ದಾನೆ. ಹಿಂಜಿದ ಹತ್ತಿಯನ್ನು ಖೋಳದೊಳಗೆ ತುಂಬಿ ದಬ್ಬಣದಿಂದ ಹೊಲಿಯುವುದು ನನ್ನ ಕೆಲಸ. ಅರವತ್ತೆಂಟು ವರ್ಷವಾಯಿತು, ಕಣ್ಣು ಮಂಜಾದರೂ ಅಂಗೈ ಇನ್ನೂ ಚುರುಕಾಗಿದೆ. ಓದು ಬರಹ ಬಂದದ್ದು ಮಾತ್ರ ತಡವಾಗಿ. ಐವತ್ತು ದಾಟಿದ ಮೇಲೆ ರಾತ್ರಿ ಸಾಲಿಗೆ ಹೋಗಿ ಕಲಿತೆ. ಅದಕ್ಕೇ ನನಗೆ ಅಕ್ಷರದ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ, ಬರೆಯಲು ಎಲ್ಲಿ ಜಾಗ ಸಿಕ್ಕರೂ ಕೈ ತುರಿಸುತ್ತದೆ. ಈ ತುರಿಕೆಯಿಂದಲೇ ತಪ್ಪಾಯಿತು ಅನ್ನಿ.

ಸೈಮಾ ಜಿಲಾನಿಯ ಮಗಳು. ಬಬಲೇಶ್ವರಕ್ಕೆ ಕೊಟ್ಟಿದ್ದೇವೆ. ಗಂಡ ಅಶ್ಫಾಕ ಬೋರಿನ ಮೋಟಾರು ಸುಟ್ಟರೆ ಸುತ್ತಿ ಕೊಡುವ ಕೆಲಸ ಮಾಡುತ್ತಾನೆ. ಚೊಚ್ಚಿಲ ಹೆರಿಗೆಗೆ ತವರಿಗೆ ಬಂದಳು. ಒಂಬತ್ತು ತುಂಬುತ್ತ ಬಂದಾಗ ವಿಜಯಪುರದ ದೊಡ್ಡ ದವಾಖಾನೆಯಲ್ಲಿ ಡಾಕ್ಟರು ವಿಜಯಲಕ್ಷ್ಮೀ ಮ್ಯಾಡಮ್ ನೋಡಿ, ಕೂಸು ಅಡ್ಡ ಮಲಗಿದೆ, ಹೊಟ್ಟೆ ಕೊಯ್ದೇ ತೆಗೆಯಬೇಕು ಅಂದರು. ಹೆದರಿಕೆಯೇನೋ ಆಯಿತು, ಆದರೆ ಮೊದಲೇ ತಿಳಿದದ್ದು ಒಳ್ಳೆಯದೇ ಆಯಿತು. ಆಪರೇಷನ್ನಿನ ಹಿಂದಿನ ದಿನ ಮುಂಜಾನೆಯೇ ಹೋಗಿ ಸೇರಿಸಿದೆವು.

ಅಂದು ಮಧ್ಯಾಹ್ನ ಕೈಯಲ್ಲಿ ಒಂದಿಷ್ಟು ಕಾಗದ ಹಿಡಿದುಕೊಂಡು ಒಬ್ಬ ಹುಡುಗಿ ಬಂದಳು. ಹೆಸರು ಆಮ್ರಪಾಲಿ, ನರ್ಸ್ ಓದಿದವಳು, ಮನೆ ಇಬ್ರಾಹಿಂಪುರದಲ್ಲಿ. ವಾರ್ಡಿನ ಕೆಲಸ ಅವಳದಲ್ಲ. ಡಾಕ್ಟರುಗಳು ಮಾಡುತ್ತಿದ್ದ ಒಂದು ಅಧ್ಯಯನಕ್ಕೆ ಹೆಸರು ಬರೆದುಕೊಳ್ಳುವುದು, ಆಮೇಲೆ ವಿಚಾರಿಸುತ್ತಿರುವುದು ಅವಳ ಕೆಲಸ.

“ಇದೇನ ಪರೀಕ್ಷಾ ಯವ್ವಾ?” ಅಂತ ಕೇಳಿದೆ.

“ಪರೀಕ್ಷಾ ಅಲ್ರಿ ಆಯಿ. ಹೊಟ್ಟಿ ಕೊಯ್ದು ಆಪರೇಷನ್ ಆದ ಮ್ಯಾಲ ಕೆಲವರಿಗೆ ಹೊಲಿಗಿ ಕೀವ ಆಗತೈತಿ. ಹೆರಿಗಿ ಆದವರಿಗೂ ಆಗತೈತಿ, ಕರಳಿನ ಆಪರೇಷನ್ ಆದವರಿಗೂ ಆಗತೈತಿ. ಅದನ್ನ ತಡಿಯೂದು ಹೆಂಗ ಅಂತ ನೋಡಾಕತ್ತೀವಿ. ಒಂದ ಗುಂಪಿನವರಿಗೆ ಹೊಟ್ಟಿ ಮುಚ್ಚೂಕಿಂತ ಮೊದಲ ಡಾಕ್ಟರು ಕೈಗವಸ ಬದಲಿ ಮಾಡ್ತಾರ. ಕತ್ರಿ, ಚಿಮಟ, ಸೂಜಿ ಎಲ್ಲಾ ಹೊಸಾವ ತಗೋತಾರ. ಇನ್ನೊಂದ ಗುಂಪಿಗೆ ಈಗ ನಡದ ಪದ್ಧತಿನ. ಯಾವ ಗುಂಪಿನ್ಯಾಗ ಕೀವ ಕಡಿಮಿ ಅಂತ ಮೂವತ್ತ ದಿನ ನೋಡೂದು.”

“ಅದರಾಗ ನೋಡೂದೇನೈತಿ? ಹಳೀ ಹತ್ತಿ ಮುಟ್ಟಿದ ಕೈಲೇ ಹೊಸಾ ಖೋಳ ಹೊಲಿಯಾಕ ನಮ್ಮವರ ಬಿಡತಿದ್ದಿಲ್ಲ. ಕೈ ತೊಳಕೊಂಡ ಬಾ ಅಂತಿದ್ರು.”

“ನಮಗೂ ಹಂಗ ಅನಸ್ತೈತ್ರಿ. ಆದರ ಅನಿಸಿದ್ದೆಲ್ಲಾ ಖರೇ ಇರತೈತೇನು? ಎಣಿಸಿ ನೋಡಬೇಕಲ್ಲ.”

ಈ ಮಾತು ನನಗೆ ಹಿಡಿಸಿತು. “ನಮ್ಮ ಹುಡುಗಿ ಯಾವ ಗುಂಪು?” ಅಂದೆ.

“ಅದನ್ನ ಕಂಪ್ಯೂಟರ್ ಆರಸ್ತೈತಿ. ನನಗೂ ಹೇಳಂಗಿಲ್ಲ, ನಿಮಗೂ ಹೇಳಂಗಿಲ್ಲ. ಗೊತ್ತಾದ್ರ ನೋಡೂ ಕಣ್ಣ ಒಂದ ಕಡೆ ವಾಲ್ತಾವ ನೋಡ್ರಿ.”

ಬೇಡ ಅಂದರೂ ನಡೆಯುತ್ತದೆ, ಉಪಚಾರದಲ್ಲಿ ಏನೂ ಕಡಿಮೆಯಾಗುವುದಿಲ್ಲ ಎಂದು ಅವಳು ಎರಡು ಸಲ ಹೇಳಿದಳು. ಸೈಮಾ ಒಪ್ಪಿ ಸಹಿ ಮಾಡಿದಳು. ಸಾಕ್ಷಿಯ ಜಾಗಕ್ಕೆ ಬಂದಾಗ ಆಮ್ರಪಾಲಿ ನನ್ನ ಬಿಳಿ ತಲೆ ನೋಡಿ ಹೆಬ್ಬೆಟ್ಟಿನ ಶಾಯಿ ಡಬ್ಬಿ ತೆಗೆದಳು. ಸೈಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಕ್ಕಾರ, ನಮ್ಮ ಆಯಿ ಸಹಿ ಮಾಡ್ತಾಳ್ರಿ. ನಿಮ್ಮ ಪೆನ್ನಿನ ಶಾಯಿ ತೀರೂತನಕ ಮಾಡ್ತಾಳ.”

ರಾಜಬಿ ಗುಡುಸಾಬ ನದಾಫ ಎಂದು ಪೂರ್ತಿ ಬರೆದೆ. ಆಮ್ರಪಾಲಿ ಡಬ್ಬಿ ಮುಚ್ಚಿ ಕಿಸೆಗೆ ಹಾಕಿಕೊಂಡು, “ತಪ್ಪಾತ್ರಿ ಆಯಿ,” ಅಂದಳು. ಅಂದಿನಿಂದ ನಮ್ಮಿಬ್ಬರಿಗೂ ಸಲುಗೆಯಾಯಿತು.

ಮರುದಿನ ಹೆಣ್ಣುಕೂಸು ಹುಟ್ಟಿತು. ಐದು ದಿನ ದವಾಖಾನೆಯಲ್ಲಿ ಎಲ್ಲ ಸರಿ ಇತ್ತು. ಮನೆಗೆ ಕಳಿಸುವಾಗ ಆಮ್ರಪಾಲಿ ಒಂದು ದಪ್ಪ ಕಾರ್ಡು ಕೊಟ್ಟಳು. ಮೂವತ್ತು ದಿನದ ಸಾಲುಗಳು, ಒಂದೊಂದು ಸಾಲಿಗೆ ಐದೈದು ಮನೆ. ಜ್ವರ ಇದೆಯೇ, ನೋವು ಹೆಚ್ಚಾಗಿದೆಯೇ, ಹೊಲಿಗೆಯ ಜಾಗ ಕೆಂಪಾಗಿದೆಯೇ, ನೀರು ಅಥವಾ ಕೀವು ಬರುತ್ತಿದೆಯೇ, ಹೊಲಿಗೆ ಬಿಟ್ಟಿದೆಯೇ ಎಂದು ಮೇಲೆ ಅಚ್ಚಾಗಿತ್ತು. ಮೊದಲಿನ ಐದು ದಿನದ್ದು ಅವಳೇ ಬರೆದಿದ್ದಳು.

“ದಿನಾ ಮುಂಜಾನಿ ನೋಡಿ ‘ಹೌದು’ ಇಲ್ಲಾ ‘ಇಲ್ಲ’ ಅಂತ ಬರೀರಿ. ನಾ ದಿನಾ ಬಿಟ್ಟ ದಿನಾ ಫೋನ್ ಮಾಡ್ತೀನಿ. ಏನರ ಹೌದು ಅಂತ ಬಂದ್ರ ಅವತ್ತ ನೀವ ಫೋನ್ ಮಾಡಬೇಕ್ರಿ, ನನ್ನ ಹಾದಿ ಕಾಯಬಾರದು.” ಇಷ್ಟು ಹೇಳಿ ಕಾರ್ಡನ್ನು ಸೈಮಾಳ ತಾಯಿ ಯಾಸ್ಮೀನಳ ಕೈಗೆ ಕೊಡದೆ ನನ್ನ ಕೈಗೇ ಕೊಟ್ಟಳು. ನನಗೆ ಹೆಮ್ಮೆ ಆಯಿತು, ಮುಚ್ಚಿಡುವುದೇಕೆ.

ಮನೆಗೆ ಬಂದ ದಿನ ಲೋಬಾನದ ಹೊಗೆ ಹಾಕಿ, ತಾಯಿ-ಕೂಸನ್ನು ಒಳಗೆ ಮಲಗಿಸಿ, ನಾನು ಅಂಗಳದ ಬಿಸಿಲಿನಲ್ಲಿ ಕನ್ನಡಕ ಹಾಕಿಕೊಂಡು ಕುಳಿತೆ. ಬಿಸ್ಮಿಲ್ಲಾ ಅಂದು ಮೊದಲ ಮನೆಯಲ್ಲಿ ‘ಇಲ್ಲ’ ಬರೆದೆ. ಚೆಂದ ಬಂತು. ಅದರ ಬಾಜೂಕಿನದರಲ್ಲೂ ಬರೆದೆ. ಆ ಸಾಲು ತುಂಬಿತು. ಕೆಳಗಿನ ಸಾಲು ಬರಿದಾಗಿ ಬಾಯಿ ಬಿಟ್ಟುಕೊಂಡಿತ್ತು. ಜ್ವರ, ಕೀವು ಎಂಬ ಮಾತುಗಳ ಕೆಳಗೆ ಖಾಲಿ ಮನೆ ಬಿಡುವುದು ನನಗೆ ಸರಿ ಕಾಣಲಿಲ್ಲ. ಖಾಲಿ ಮನೆಗೆ ಯಾರಾದರೂ ಬಂದು ಸೇರುತ್ತಾರಲ್ಲ! ಒಂದೊಂದನ್ನೂ ತುಂಬುತ್ತ ಹೋದೆ. ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಇಪ್ಪತ್ತೈದು ದಿನವೂ ಮುಗಿದವು. ನೂರಾ ಇಪ್ಪತ್ತೈದು ಸಲ ‘ಇಲ್ಲ’. ದುವಾ ಓದಿ ಊದಿದ ಹಾಗೆ ಕಾರ್ಡಿನ ಮೇಲೆ ಊದಿ, ಗೂಡಿನಲ್ಲಿಟ್ಟೆ.

ಯಾಸ್ಮೀನ ನೋಡಿ, “ಚಲೋ ಮಾಡಿದ್ರಿ ಅತ್ತಿ,” ಅಂದಳು. ನಮ್ಮಿಬ್ಬರಿಗೂ ಅದು ತಪ್ಪು ಅನಿಸಲೇ ಇಲ್ಲ.

ಹಾಗೆ ಅನಿಸದೇ ಇರಲು ಕಾರಣವಿದೆ. ನಮ್ಮಲ್ಲಿ ಬಾಣಂತಿಯ ನಲವತ್ತು ದಿನಕ್ಕೆ ಚಿಲ್ಲಾ ಅನ್ನುತ್ತೇವೆ. ಆ ನಲವತ್ತು ದಿನ ಬ್ಯಾನಿ, ಅಂದರೆ ರೋಗದ ಹೆಸರು ತೆಗೆಯಬಾರದು. ಯಾರೇ ಬಂದು ಹೇಗಿದ್ದಾಳೆ ಅಂದರೂ ಆರಾಮ ಅನ್ನಬೇಕು. ಹೆಸರು ತೆಗೆದರೆ ಬ್ಯಾನಿ ತನ್ನನ್ನು ಕರೆದರೆಂದು ಬರುತ್ತದೆ, ಇಲ್ಲವೇ ದೃಷ್ಟಿ ತಾಗುತ್ತದೆ. ನಮ್ಮ ಓಣಿಯ ಲಿಂಗಾಯತರ ತಿಪ್ಪವ್ವನೂ ಹಾಗೇ ಅನ್ನುತ್ತಾಳೆ, ಅವರಲ್ಲಿ ಚಿಲ್ಲಾ ಇಲ್ಲ, ಅಷ್ಟೇ.

ಆದರೆ ನನಗಾದರೂ ಗೊತ್ತಿರಬೇಕಿತ್ತು.

ನನ್ನ ತವರು ಬಿಜ್ಜರಗಿ. ನನ್ನ ಅಕ್ಕ ಬೀಬಿಜಾನ ಅಲ್ಲಿ ಮನೆಯಲ್ಲೇ ಹೆತ್ತಳು. ನನಗಾಗ ಹತ್ತು ವರ್ಷ. ಎಂಟನೆಯ ದಿನಕ್ಕೆ ಅವಳ ಮೈ ಕಾಯತೊಡಗಿತು. ಹಲ್ಲು ಕಟಕಟ ಅನ್ನುತ್ತಿದ್ದವು. ಆ ವಾರ ಊರಿಗೆ ಒಬ್ಬ ನರ್ಸಮ್ಮ ನಡೆದುಕೊಂಡು ಬಂದಿದ್ದಳು. ಕೈಯಲ್ಲಿ ಚರ್ಮದ ಚೀಲ, ಮೊಣಕಾಲತನಕ ಧೂಳು. ನಾನು ಬಾಗಿಲಲ್ಲಿ ನಿಂತಿದ್ದೆ. “ಬಾಣಂತಿ ಹೆಂಗದಾಳ ಮಗಳ?” ಅಂತ ಕೇಳಿದಳು. ಮನೆಯಲ್ಲಿ ಕಲಿಸಿದ್ದನ್ನೇ ಹೇಳಿದೆ. “ಆರಾಮ ಅದಾಳ್ರಿ.” ನರ್ಸಮ್ಮ ನನ್ನ ಗಲ್ಲ ಚಿವುಟಿ ಮುಂದಿನ ಮನೆಗೆ ಹೋದಳು. ನಾಲ್ಕು ದಿನಕ್ಕೆ ಅಕ್ಕ ಹೋದಳು.

ಯಾರೂ ನನ್ನನ್ನು ಬಯ್ಯಲಿಲ್ಲ. ಬಯ್ಯಲು ಯಾರಿಗೆ ಗೊತ್ತಿತ್ತು? ಅದೇ ಮಾತನ್ನು ನೂರಾ ಇಪ್ಪತ್ತೈದು ಸಲ ಬರೆದೆನೆಂದು, ಅಂಗಳದ ಬಿಸಿಲಿನಲ್ಲಿ ಕುಳಿತಾಗ ನನಗೂ ಹೊಳೆಯಲಿಲ್ಲ.

ಏಳನೆಯ ದಿನ ಆಮ್ರಪಾಲಿಯ ಫೋನ್ ಬಂತು, ಒಂಬತ್ತನೆಯ ದಿನವೂ ಬಂತು. ಎರಡು ಸಲವೂ ಯಾಸ್ಮೀನ ಎತ್ತಿ, “ಆರಾಮ ಅದಾಳ್ರಿ ಅಕ್ಕಾರ, ಕಾರ್ಡ ಬರಿಯಾಕತ್ತಾರ ನಮ್ಮ ಅತ್ತಿ,” ಅಂದಳು. ಆಗ ಅದು ಖರೆಯೂ ಇತ್ತು. ಸೈಮಾ ಎದ್ದು ಓಡಾಡುತ್ತಿದ್ದಳು, ಗಂಡನಿಗೆ ಫೋನಿನಲ್ಲಿ ಜಬರಿಸುತ್ತಿದ್ದಳು. “ಮೋಟಾರ ಸುತ್ತಿದ್ದ ಸಾಕು, ಮಗಳ ಮಾರಿ ನೋಡಾಕ ಬಾ. ನಿನ್ನಂಗ ಮೂಗ ಐತಿ, ಪಾಪ, ಏನ ಮಾಡೂದು.”

ಹತ್ತನೆಯ ದಿನ ಸಂಜೆ ಅವಳ ಮೈ ಸ್ವಲ್ಪ ಬೆಚ್ಚಗಾಯಿತು. ಹಾಲಿನ ಜ್ವರ ಅಂದಳು ಯಾಸ್ಮೀನ, ಮೊಲೆ ತುಂಬಿದಾಗ ಬರುತ್ತದೆ, ಹೋಗುತ್ತದೆ ಅಂತ. ಇರಬಹುದು ಅಂದುಕೊಂಡೆ.

ಹನ್ನೊಂದನೆಯ ದಿನ ಮುಂಜಾನೆ ನಾನು ಸೈಮಾಳ ಹೊಟ್ಟೆಯ ಬಟ್ಟೆ ಬದಲಿಸಲು ಹೋದೆ. ಒಗೆದು ಬಿಸಿಲಿಗೆ ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿಗೆಯ ಮೇಲಿಡುತ್ತಿದ್ದೆವು. ಹಳೆಯ ಬಟ್ಟೆ ತೆಗೆದಾಗ ಬಲಗಡೆಯ ತುದಿಯಲ್ಲಿ ನಾಲ್ಕಾಣೆ ಅಗಲದ ಹಳದಿ ಕಲೆ. ಮೂಸಿದೆ. ವಾಸನೆ ಸರಿ ಇರಲಿಲ್ಲ. ಹೊಲಿಗೆ ನೋಡಿದರೆ ನೆಟ್ಟಗೇ ಇತ್ತು, ಒಂದು ಎಳೆಯೂ ಬಿಟ್ಟಿರಲಿಲ್ಲ. ಹೊರಗಿನಿಂದ ನೋಡಿದವರು ಎಷ್ಟು ಚೆಂದ ಹೊಲಿದಿದ್ದಾರೆ ಅನ್ನಬೇಕು.

ನಾನು ಕೈ ತೊಳೆದುಕೊಂಡು ಬಂದು, ಹೊಲಿಗೆಯ ಪಕ್ಕದಲ್ಲಿ ಅಂಗೈ ಇಟ್ಟೆ.

ನಮ್ಮ ಯಜಮಾನರು ಕಲಿಸಿದ ಒಂದು ವಿದ್ಯೆ ಇದೆ. ಗಾದಿ ಹೊಲಿದು ಮುಗಿಸಿದ ಮೇಲೆ ಒಂದು ದಿನ ನೆರಳಿಗೆ ಬಿಟ್ಟು, ಆಮೇಲೆ ಮೇಲಿನಿಂದ ಕೆಳಗಿನತನಕ ಅಂಗೈ ಆಡಿಸಬೇಕು. ಎಲ್ಲ ಕಡೆ ತಂಪಿದ್ದು ಒಂದೇ ಕಡೆ ಬಿಸಿ ಹತ್ತಿದರೆ, ಒಳಗೆ ಹಸಿ ಹತ್ತಿ ಸೇರಿದೆ, ಕೊಳೆಯಲು ಶುರುವಾಗಿದೆ ಎಂದು ತಿಳಿಯಬೇಕು. “ಹೊಲಿಗಿ ಬಿಚ್ಚಾಕ ನಾಚಬಾರದು ರಾಜಬಿ,” ಅನ್ನುತ್ತಿದ್ದರು. “ಇವತ್ತ ಬಿಚ್ಚಿದ್ರ ಒಂದ ಹಿಡಿ ಹತ್ತಿ ಹೋಗತೈತಿ. ಬಿಟ್ರ ಗಾದೀನ ಹೋಗತೈತಿ.”

ಎಡಗಡೆ ತಂಪಿತ್ತು. ನಡುವೆ ತಂಪಿತ್ತು. ಬಲಗಡೆಯ ತುದಿಗೆ ಬಂದಾಗ ಅಂಗೈಗೆ ಬಿಸಿ ಹತ್ತಿತು, ಅಲ್ಲಿ ಚರ್ಮವೂ ಸ್ವಲ್ಪ ಕೆಂಪಾಗಿತ್ತು. ಒಳಗೆ ಲಿಂಬೆಕಾಯಿಯಷ್ಟು ಗಟ್ಟಿ. ಸೈಮಾ “ಯಪ್ಪಾ!” ಅಂದು ನನ್ನ ಕೈ ಹಿಡಿದುಕೊಂಡಳು. ಕೂಸು ಎದ್ದು ಅಳತೊಡಗಿತು.

ಗೂಡಿನಿಂದ ಕಾರ್ಡು ತೆಗೆದೆ. ಹನ್ನೊಂದನೆಯ ದಿನದ ಸಾಲು. ಜ್ವರ ಇಲ್ಲ. ನೋವು ಇಲ್ಲ. ಕೆಂಪು ಇಲ್ಲ. ಕೀವು ಇಲ್ಲ. ನನ್ನದೇ ಅಕ್ಷರ, ದುಂಡಗೆ, ಒಂದರ ಪಕ್ಕ ಒಂದು. ಮೊಣಕಾಲತನಕ ಧೂಳು ಮೆತ್ತಿಕೊಂಡ ನರ್ಸಮ್ಮ ನನ್ನ ಗಲ್ಲ ಚಿವುಟಿದ ಜಾಗ ಐವತ್ತೆಂಟು ವರ್ಷದ ಮೇಲೆ ಉರಿಯಿತು.

ಅಷ್ಟರಲ್ಲಿ ಯಾಸ್ಮೀನಳ ಫೋನ್ ರಿಂಗಾಯಿತು. ಆಮ್ರಪಾಲಿಯ ಸರದಿಯ ದಿನ. ಯಾಸ್ಮೀನ ಒಲೆಯ ಮುಂದಿನಿಂದ ಎದ್ದು ಬಂದು, ಸೈಮಾಳ ಮುಖ ನೋಡಿದಳು, ನನ್ನ ಕೈಯಲ್ಲಿದ್ದ ಬಟ್ಟೆ ನೋಡಿದಳು. ಅವಳ ತುಟಿ ಒಣಗಿತ್ತು. ಆದರೂ ಫೋನ್ ಕಿವಿಗಿಟ್ಟು, “ಹೂಂ ಅಕ್ಕಾರ, ಆರಾಮ ಅದಾಳ್ರಿ,” ಅಂದಳು. ಅವಳ ತಪ್ಪು ಅನ್ನುವುದಿಲ್ಲ. ಬಾಯಿಗೆ ಬೇರೆ ಮಾತೇ ಬರುವುದಿಲ್ಲ ಆಗ.

“ಕೊಡ ಬೇ ಇಲ್ಲಿ,” ಅಂದೆ.

“ಅತ್ತಿ, ಬ್ಯಾಡ್ರಿ. ಚಿಲ್ಲಾದಾಗ ಹೆಸರ ತಗೀಬ್ಯಾಡ್ರಿ. ಇವತ್ತೊಂದ ದಿನ ನೋಡೂಣು.”

“ನಮ್ಮ ಅಕ್ಕನ್ನೂ ಇವತ್ತೊಂದ ದಿನ ನೋಡೂಣು ಅಂತ ನೋಡಿದ್ವಿ. ಕೊಡು.”

ಅವಳು ಕೊಡಲಿಲ್ಲ. ನಾನೇ ಅವಳ ಕೈಯಿಂದ ಬಿಡಿಸಿಕೊಂಡೆ. ಆಚೆಯಿಂದ ಆಮ್ರಪಾಲಿ, “ಹಲೋ? ಹಲೋ?” ಅನ್ನುತ್ತಿದ್ದಳು.

“ಆಮ್ರಪಾಲಿ, ನಾ ರಾಜಬಿ.” ಹತ್ತು ವರ್ಷದವಳಿದ್ದಾಗ ಬಾರದ ಮಾತು ಅರವತ್ತೆಂಟಕ್ಕೂ ಸುಲಭವಾಗಿ ಬರಲಿಲ್ಲ. “ಆರಾಮ ಇಲ್ಲವ್ವಾ. ನಮ್ಮ ಹುಡುಗಿ ಆರಾಮ ಇಲ್ಲ. ಮೈ ಬಿಸಿ ಐತಿ. ಹೊಲಿಗಿ ಒಳಗ ಕೊಳೀಲಿಕತ್ತೈತಿ.”

ಅವಳ ದನಿ ಬೇರೆಯೇ ಆಯಿತು. ಎಂದಿನಿಂದ ಜ್ವರ, ಕಲೆ ಎಷ್ಟು ಅಗಲ, ಹೊಟ್ಟೆ ಉಬ್ಬಿದೆಯೇ, ಎಚ್ಚರ ಇದ್ದಾಳೆಯೇ ಅಂತ ಟಕಟಕ ಕೇಳಿದಳು. “ಈಗಿಂದೀಗ ಕರಕೊಂಡ ಬರ್ರಿ. ಆಂಬುಲೆನ್ಸ್ ಕಳಸಲ್ಯಾ?”

“ಬಾಗಿಲಾಗ ಟಂಟಂ ನಿಂತೈತಿ. ಅದ ಬರೂತನಕ ನಾವ ಹಾದಿ ಹಿಡದಿರ್ತೀವಿ.”

ಜಿಲಾನಿಯ ಟಂಟಂ ಗಾಡಿಯಲ್ಲಿ ಆ ಹೊತ್ತಿಗೆ ಘೋಣಸಗಿಗೆ ಕಳಿಸಬೇಕಿದ್ದ ಲಗ್ನದ ಗಾದಿ ಇತ್ತು. ಕೆಂಪು ಹೂವಿನ ಖೋಳ, ಹನ್ನೆರಡು ಕಿಲೋ ಹತ್ತಿ. ಮದುಮಗಳಿಗಿಂತ ಮೊದಲು ಲಗ್ನದ ಗಾದಿಯ ಮೇಲೆ ಬೇರೆ ಯಾರೂ ಮಲಗಬಾರದು ಎನ್ನುವುದು ನಮ್ಮ ಧಂದೆಯ ಕಟ್ಟಳೆ. ಜಿಲಾನಿ ಮಗಳನ್ನು ಎತ್ತಿಕೊಂಡು ಬಂದವನು ಒಂದು ಗಳಿಗೆ ಗಾಡಿಯ ಮುಂದೆ ನಿಂತ. ಆಮೇಲೆ ಅದೇ ಗಾದಿಯ ಮೇಲೆ ಮಲಗಿಸಿದ.

“ಅವರಿಗೆ ಇನ್ನೊಂದ ಹೊಲಿದ ಕೊಡೂಣು ಯವ್ವಾ,” ಅಂದ.

“ನಾ ಹೊಲೀತೀನಿ. ಗಾಡಿ ಹೊಡಿ.”

ನಾನು ಕೂಸನ್ನು ಎತ್ತಿಕೊಂಡು ಅವಳ ಪಕ್ಕ ಕುಳಿತೆ. ಯಾಸ್ಮೀನ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದಳು. ವಿಜಯಪುರ ಸಮೀಪಿಸಿದಾಗ ಸೈಮಾ ಕಣ್ಣು ತೆರೆದು, “ಆಯಿ, ಈ ಗಾದಿ ಭಾಳ ಮೆತ್ತಗ ಐತಿ. ನನ್ನ ಲಗ್ನಕ್ಕ ಕೊಟ್ಟದ್ದ ಕಲ್ಲಿನಂಗಿತ್ತು,” ಅಂದಳು. ಜ್ವರದಲ್ಲೂ ತಕರಾರು. ನನಗೆ ಆ ತಕರಾರು ಕೇಳಿ ಅರ್ಧ ಜೀವ ಬಂತು.

ದವಾಖಾನೆಯ ಬಾಗಿಲಲ್ಲಿ ಆಮ್ರಪಾಲಿ ಗಾಲಿ ಮಂಚ ಹಿಡಿಸಿಕೊಂಡು ನಿಂತಿದ್ದಳು. ನೇರವಾಗಿ ಒಳಗೆ ಕರೆದೊಯ್ದರು. ನಾವು ಹೊರಗೆ ಬಾಕಿನ ಮೇಲೆ. ಎಷ್ಟು ಹೊತ್ತು ಕುಳಿತೆವೋ, ಕೂಸು ಮೂರು ಸಲ ಅತ್ತು ಮೂರು ಸಲ ಮಲಗಿತು. ಯಾಸ್ಮೀನ ಬಾಕಿನ ಆ ತುದಿಗೆ ಮುಖ ತಿರುಗಿಸಿ ಕುಳಿತಿದ್ದಳು. ನನ್ನ ಮೇಲೆ ಸಿಟ್ಟಾಗಿದ್ದಾಳೆಂದು ತಿಳಿದಿದ್ದೆ. ಕಡೆಗೆ ಅವಳು ನನ್ನ ಸೆರಗು ಹಿಡಿದು, “ಅತ್ತಿ, ನೀವು ಹೆಸರ ತಗೊಂಡಿದ್ದಕ್ಕ ಏನೂ ಆಗಂಗಿಲ್ಲಲ್ರಿ?” ಅಂದಳು. ಸಣ್ಣ ಹುಡುಗಿಯ ದನಿ.

“ಹೆಸರ ತಗೋಳೂಕಿಂತ ಮೊದಲ ಬಂದಿತ್ತು ಬೇ ಅದು. ಕರದ್ರ ಬರತೈತಿ ಅಂತೀವಿ. ಇದು ಕರೀದ ಬಂದಿತ್ತು.”

ವಿಜಯಲಕ್ಷ್ಮೀ ಮ್ಯಾಡಮ್ ಹೊರಗೆ ಬಂದಾಗ ಮೂವರೂ ಎದ್ದು ನಿಂತೆವು. ಅವರು ಮೊದಲು ನಕ್ಕರು. ದೊಡ್ಡ ಡಾಕ್ಟರು ಮಾತಿಗಿಂತ ಮೊದಲು ನಕ್ಕರೆ ಎಷ್ಟು ಉಪಕಾರ ಅನ್ನುವುದು ಬಾಕಿನ ಮೇಲೆ ಕುಳಿತವರಿಗೆ ಗೊತ್ತು.

“ತುದೀದ ಎರಡ ಹೊಲಿಗಿ ಬಿಚ್ಚಿ ಕೀವ ತಗದೀವಿ. ಚರ್ಮದ ಕೆಳಗ ಅಷ್ಟ ಇತ್ತು. ಹೊಟ್ಟಿ ಒಳಗ, ಗರ್ಭಕೋಶಕ್ಕ ಇಳದಿಲ್ಲ. ನಾಕೈದ ದಿನ ಸಲಾಯಿನ್ ಮ್ಯಾಲ ಔಷಧ ನಡೀತೈತಿ. ಇನ್ನ ಎರಡ ದಿನ ಬಿಟ್ಟ ಬಂದಿದ್ರ ನಾ ಹಿಂಗ ನಿಂತ ಮಾತಾಡ್ತಿದ್ದಿಲ್ಲ. ಯಾರ ನೋಡಿದ್ದು?”

ಜಿಲಾನಿ ನನ್ನ ಕಡೆ ಕೈ ಮಾಡಿದ. ನಾನು ಅಂಗೈ ತೋರಿಸಿದೆ. ಆಮೇಲೆ ಬಾಕಿನ ಮೇಲೆ ಕುಳಿತುಬಿಟ್ಟೆ, ಕೂಸಿನ ತಲೆಗೆ ಮುಖ ಹಚ್ಚಿ ಅತ್ತೆ. ಹಾಲಿನ ವಾಸನೆ ಬರುತ್ತಿತ್ತು. ಅದು ನೆಮ್ಮದಿಯ ಅಳು.

ಮೂರನೆಯ ದಿನಕ್ಕೆ ಸೈಮಾಳ ಜ್ವರ ಇಳಿಯಿತು. ಬಬಲೇಶ್ವರದಿಂದ ಬಂದ ಅಶ್ಫಾಕ ಮಂಚದ ಬಳಿ ತಲೆ ಕೆಳಗೆ ಹಾಕಿ ನಿಂತಿದ್ದ. ಅವಳು ಅವನಿಗೆ, “ಮಾರಿ ಯಾಕ ಸುಟ್ಟ ಮೋಟಾರಿನಂಗ ಮಾಡೀದಿ? ನಾ ಏನ ಹೋಗಿಲ್ಲ,” ಅಂದಳು. ವಾರ್ಡಿನವರೆಲ್ಲ ನಕ್ಕರು. ಅಂದೇ ಆಮ್ರಪಾಲಿ ಕಾರ್ಡು ಕೇಳಿದಳು.

ಕೊಡಲು ನನಗೆ ಕೈಯೇ ಬರಲಿಲ್ಲ. ಕೊಟ್ಟೆ. ಅವಳು ಮೇಲಿನಿಂದ ಕೆಳಗೆ ನೋಡಿದಳು, ಮತ್ತೊಮ್ಮೆ ನೋಡಿದಳು.

“ಆಯಿ, ಇವತ್ತ ಹದಿನಾಲ್ಕನೇ ದಿನಾ. ನೀವು ಮೂವತ್ತನೇ ದಿನದ್ದೂ ಬರದೀರಿ.”

“ಹೌದವ್ವಾ.”

“ಮೂವತ್ತನೇ ದಿನಾ ಏನ ಆಗತೈತಿ ಅಂತ ನಿಮಗ ಹೆಂಗ ಗೊತ್ತಾತು?”

“ಗೊತ್ತಿರಲಿಲ್ಲ. ಆಗಬಾರದು ಅಂತ ಬರದೀನಿ.”

ಅವಳು ನಗಲಿಲ್ಲ, ಬಯ್ಯಲೂ ಇಲ್ಲ. ನನ್ನ ಪಕ್ಕ ಕುಳಿತಳು. “ಹೊಲಿಗಿ ಕೊಳೀಲಿಕತ್ತಾಗ ನೀವು ‘ಇಲ್ಲ’ ಅಂತ ಬಿಟ್ಟಿದ್ರ, ನಿಮ್ಮ ಸೈಮಾಗ ಒಂದ ತ್ರಾಸ. ಎರಡನೇದು, ಆ ಸುಳ್ಳ ‘ಇಲ್ಲ’ ನಮ್ಮ ಎಣಿಕಿಯೊಳಗ ಸೇರತಿತ್ತು. ಹಂಗ ಹತ್ತ ಮನ್ಯಾಗ ಬರದ್ರ, ಯಾವ ಪದ್ಧತಿ ಚಲೋ, ಯಾವುದ ಕೆಟ್ಟ ನಮಗೂ ತಿಳಿಯಂಗಿಲ್ಲ. ನಾಳಿ ಕೊಯ್ಯೂ ಹೊಟ್ಟಿಗೆ ಉಪಯೋಗ ಇಲ್ಲದಂಗ ಆಗತೈತಿ.”

“ರಬ್ಬರ್ ಕೊಡು. ಅಳಸ್ತೀನಿ.”

“ಅಳಸಂಗಿಲ್ರಿ. ನಮ್ಮಲ್ಲಿ ಅಳಸೂದ ಇಲ್ಲ. ತಪ್ಪ ಬರದಿದ್ರ ಅದರ ಮ್ಯಾಲ ಒಂದ ಗೆರಿ ಎಳೀಬೇಕು, ಕೆಳಗಿನ ಅಕ್ಷರ ಕಾಣಬೇಕು. ಬಾಜೂಕ ಖರೇದ್ದ ಬರದು, ತಾರೀಖ ಹಾಕಿ, ಸಹಿ ಮಾಡಬೇಕು.”

ಎಂಥ ಚೆಂದದ ಕಾಯಿದೆ ಅನಿಸಿತು. ಅಕ್ಕನ ಬಾಗಿಲಲ್ಲಿ ಆಡಿದ ಮಾತನ್ನೂ ಅಳಿಸಲು ಇಷ್ಟು ವರ್ಷ ನೋಡಿದ್ದೆ. ಅದು ಅಳಿಸುವುದಲ್ಲ.

ಮಂಚದ ತುದಿಗೆ ಕುಳಿತು ಹತ್ತನೆಯ ದಿನದ ಜ್ವರದ ‘ಇಲ್ಲ’ಕ್ಕೆ ಗೆರೆ ಎಳೆದೆ, ಪಕ್ಕದಲ್ಲಿ ‘ಹೌದು’ ಬರೆದೆ. ಹನ್ನೊಂದನೆಯ ದಿನದ ಸಾಲಿನಲ್ಲಿ ನಾಲ್ಕು ‘ಹೌದು’. ಅದರ ಮುಂದಿನ ಎರಡು ಸಾಲಿಗೂ ಆ ದಿನ ಇದ್ದದ್ದನ್ನು ನೆನೆಸಿ, ಕೇಸಿನ ಕಾಗದ ನೋಡಿ ಬರೆದೆ. ಒಂದೊಂದಕ್ಕೂ ಪೂರ್ತಿ ಸಹಿ. ಬರಬೇಕಿದ್ದ ದಿನಗಳಿಗೆಲ್ಲ ಒಂದೇ ಉದ್ದನೆಯ ಗೆರೆ ಎಳೆಸಿ, ಆ ದಿನಗಳಿಗೆ ಆಮ್ರಪಾಲಿ ಬೇರೆ ಕಾರ್ಡು ಕೊಟ್ಟಳು. “ಇದರಾಗ ಇವತ್ತಿಂದ ಇವತ್ತ, ನಾಳಿಂದ ನಾಳಿ,” ಅಂದಳು. ಸೈಮಾ ಮಲಗಿದಲ್ಲಿಂದಲೇ, “ಅಕ್ಕಾರ, ನಾ ಮೊದಲ ಹೇಳಿದ್ದಿಲ್ಲೇನು, ಶಾಯಿ ತೀರತೈತಿ ಅಂತ,” ಅಂದಳು.

“ನಮ್ಮ ಹುಡುಗಿಗೆ ಕೈಗವಸ ಬದಲಿ ಮಾಡಿದ್ರೋ ಇಲ್ಲೋ?” ಅಂತ ಆಮ್ರಪಾಲಿಗೆ ಇನ್ನೊಮ್ಮೆ ಕೇಳಿ ನೋಡಿದೆ.

“ಖರೇನ ನನಗ ಗೊತ್ತಿಲ್ರಿ ಆಯಿ. ಎಲ್ಲಾರದೂ ಮುಗದ ಮ್ಯಾಲ ತೆಗದ ನೋಡ್ತಾರ. ಯಾವ ಗುಂಪ ಇದ್ರೂ ನಿಮ್ಮ ‘ಹೌದು’ ಅದರಾಗ ಇರತೈತಿ.” ಅವಳು ಪೆನ್ನಿನ ಮುಚ್ಚಳ ಹಾಕಿದಳು. “ಒಂದ ವಿಚಾರ ಬಂತ ನೋಡ್ರಿ. ನಾ ದಿನಾ ಇಪ್ಪತ್ತ ಮನಿಗೆ ಫೋನ್ ಮಾಡ್ತೀನಿ. ಹದಿನೆಂಟ ಮಂದಿ ಆರಾಮ ಅಂತಾರ. ಎಷ್ಟ ಮಂದಿ ಖರೇ ಆರಾಮ ಇರಬೇಕ್ರಿ?” ಅಂದಳು.

ಯಾಸ್ಮೀನಳ ಒಣಗಿದ ತುಟಿ ನೆನಪಾಯಿತು. ಅವಳಿಗೆ ಮಗಳ ಮೇಲೆ ಪ್ರೀತಿ ಕಡಿಮೆಯೇ? ಕೇಳಿದ ಪ್ರಶ್ನೆಗೆ ಅವಳಲ್ಲಿ ಒಂದೇ ಉತ್ತರ ಇತ್ತು.

“ನೀ ಬಾಣಂತಿ ಹೆಂಗದಾಳ ಅಂತ ಕೇಳಬ್ಯಾಡವ್ವಾ,” ಅಂದೆ. “ಬಟ್ಟಿ ಹೆಂಗ ಐತಿ ಅಂತ ಕೇಳು. ಇವತ್ತ ತಗದ ಬಟ್ಟಿ ಒಣಾ ಐತೋ ಹಸಿ ಐತೋ, ಕಲಿ ಐತೋ, ವಾಸನಿ ಐತೋ. ಅಂಗೈ ಇಟ್ರ ತಂಪ ಹತ್ತತೈತೋ ಬಿಸಿ ಹತ್ತತೈತೋ. ಇದಕ್ಕ ಯಾರೂ ಸುಳ್ಳ ಹೇಳಂಗಿಲ್ಲ. ಬಟ್ಟಿಗೆ ದೃಷ್ಟಿ ತಾಗೂದಿಲ್ಲಲ್ಲ.”

ಆಮ್ರಪಾಲಿ ನನ್ನ ಮುಖವನ್ನೇ ನೋಡಿದಳು. ಪೆನ್ನು ಮತ್ತೆ ತೆಗೆದು ತನ್ನ ಅಂಗೈ ಮೇಲೆಯೇ ಏನೋ ಬರೆದುಕೊಂಡಳು. “ಫಾರ್ಮಿನ ಪ್ರಶ್ನಿ ಬದಲಿ ಮಾಡಾಕ ಮ್ಯಾಲಿಂದ ಪರವಾನಗಿ ಬೇಕ್ರಿ, ಅದಕ್ಕ ಮ್ಯಾಡಮ್ಮಾರಿಗೆ ಹೇಳ್ತೀನಿ. ಅಲ್ಲೀತನಕ, ಪ್ರಶ್ನಿಗೂ ಮೊದಲ ಬಟ್ಟಿ ಸುದ್ದಿ ಕೇಳಿದ್ರ ಯಾರದೇನ ತಕರಾರು?”

ಮತ್ತೆ ಸೇರಿಸಿದ ಐದನೆಯ ದಿನ ಮನೆಗೆ ಕಳಿಸಿದರು. ಬಿಚ್ಚಿದ ತುದಿ ಒಳಗಿನಿಂದ ತಾನೇ ತುಂಬಿಕೊಂಡು ಬರಬೇಕಿತ್ತು, ಅವಸರ ಮಾಡುವಂತಿರಲಿಲ್ಲ. ತಿಕೋಟಾದ ಸರಕಾರಿ ದವಾಖಾನೆಯ ಸಿಸ್ಟರ್ ದಿನಾ ಪಟ್ಟಿ ಬದಲಿಸುತ್ತಿದ್ದಳು. ನಾನು ಪ್ರತಿ ಮುಂಜಾನೆ ಹೊಸ ಕಾರ್ಡಿನ ಒಂದೇ ಒಂದು ಸಾಲು ಬರೆಯುತ್ತಿದ್ದೆ. ಕೆಳಗಿನ ಖಾಲಿ ಮನೆಗಳನ್ನು ನೋಡಿಯೂ ಸುಮ್ಮನಿರುವುದು ಕಲಿಯಬೇಕಾಯಿತು. ಮೊದಲ ವಾರ ನೀರು ಬರುತ್ತಿದೆಯೇ ಎಂಬಲ್ಲಿ ‘ಹೌದು’ ಎಂದೇ ಬರೆದೆ. ಒಂದು ದಿನ ನಾನು ನಮಾಜಿಗೆ ಕುಳಿತಾಗ ಆಮ್ರಪಾಲಿಯ ಫೋನ್ ಬಂತು. ಯಾಸ್ಮೀನ ಎತ್ತಿದಳು. ನನ್ನ ಕಿವಿ ಅತ್ತಲೇ. “ಒಂದ ರೂಪಾಯಿಯಷ್ಟ ಹಸಿ ಐತ್ರಿ ಅಕ್ಕಾರ. ನಿನ್ನಿಗಿಂತ ಕಡಿಮಿ. ವಾಸನಿ ಇಲ್ಲ,” ಅಂದಳು ಯಾಸ್ಮೀನ. ಹಣೆ ನೆಲಕ್ಕೆ ಹಚ್ಚಿ ಸಜ್ದಾದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ಇದ್ದೆ.

ಈ ನಡುವೆ ಘೋಣಸಗಿಯ ಲಗ್ನಕ್ಕೆ ಬೇರೆ ಗಾದಿ ಹೊಲಿದು ಕೊಟ್ಟೆ. ನಡೆದ ಸಂಗತಿ ಕೇಳಿ ಆ ಮನೆಯವರು ಮೊದಲಿನ ಗಾದಿಯ ಮಾತೇ ಎತ್ತಲಿಲ್ಲ. ಕೆಂಪು ಹೂವಿನ ಆ ಗಾದಿ ಸೈಮಾಳ ಮಂಚಕ್ಕೇ ಬಂತು. ಬಬಲೇಶ್ವರಕ್ಕೆ ಒಯ್ಯುತ್ತೇನೆ, ಕಲ್ಲಿನಂಥದ್ದನ್ನು ನೀವೇ ಇಟ್ಟುಕೊಳ್ಳಿರಿ ಅನ್ನುತ್ತಾಳೆ. ಕೂಸಿಗೆ ತರನ್ನುಮ ಎಂದು ಹೆಸರಿಟ್ಟಿದ್ದಾರೆ. ಮೂಗು ಖರೆ ಖರೆ ಅಶ್ಫಾಕನದೇ.

ಇವತ್ತು ಮೂವತ್ತನೆಯ ದಿನ. ಮುಂಜಾನೆ ಬಟ್ಟೆ ತೆಗೆದು ಬೆಳಕಿಗೆ ಹಿಡಿದೆ, ಎರಡೂ ಕಡೆ ನೋಡಿದೆ, ಮೂಸಿದೆ. ಕೈ ತೊಳೆದುಕೊಂಡು ಬಂದು ಎಡಗಡೆಯಿಂದ ಬಲಗಡೆಯ ತುದಿತನಕ ಅಂಗೈ ಆಡಿಸಿದೆ. ಸೈಮಾ ಕಚಗುಳಿಯಾಗಿ ನಕ್ಕಳು. ಕಾರ್ಡಿನ ಕೊನೆಯ ಸಾಲಿನಲ್ಲಿ ಐದು ಮನೆ ಖಾಲಿ ಇದ್ದವು. ನಿಧಾನಕ್ಕೆ ಒಂದೊಂದೇ ತುಂಬಿದೆ.

ಫೋನ್ ಬಂದಾಗ ನಾನೇ ಎತ್ತಿದೆ.

“ರಾಜಬಿ ಆಯಿ, ಬಟ್ಟಿ ಹೆಂಗ ಐತ್ರಿ?”

“ಒಣಾ ಐತಿ ಯವ್ವಾ,” ಅಂದೆ. “ನಾಕ ದಿನದಿಂದ ಒಣಾ ಐತಿ.”